ತೆಂಗಿನ ತೋಟದ ಮನೆಯಲ್ಲಿ ಟೆಟ್ರಾಸೈಕ್ಲಿನ್: ಎಲ್ಲಿ ಬೇಕು, ಎಲ್ಲಿ ಬೇಡ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನ ತೋಟವಿದ್ದ ಮನೆಯಲ್ಲಿ ಒಂದೆರಡು ಕರೆಯುವ ಹಸುಗಳಿರುವುದು ಸಾಮಾನ್ಯ. ಹಸುವಿಗೆಂದು ತಂದು ಉಳಿದ ಟೆಟ್ರಾಸೈಕ್ಲಿನ್ ಔಷಧಿಯನ್ನು ಸೊರಗಿದ ಮರದ ಬೇರಿಗೆ ಉಣಿಸಿ ನೋಡೋಣವೆಂಬ ಯೋಚನೆ ಬರುವುದು ಸಹಜ. ಆದರೆ ಇದರಿಂದ ಮರ ಉಳಿಯುವುದಿಲ್ಲ. ಚಿಕಿತ್ಸೆ ಮಾಡಬೇಕಾದ ಅಮೂಲ್ಯ ಸಮಯವೂ ಕಳೆದುಹೋಗುತ್ತದೆ.

ಔಷಧಿ ಕೆಲಸ ಮಾಡುವ ಬಗೆ

ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿಯನ್ನು 1948ರಲ್ಲಿ ಬೆಳಕಿಗೆ ತಂದವರು ಅಮೆರಿಕದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಇದು ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಪ್ರತಿಜೈವಿಕ. ದುಂಡಾಣುಗಳು ತಮ್ಮ ಬೆಳವಣಿಗೆಗೆ ಬೇಕಾದ ಸಸಾರಜನಕ ವಸ್ತುವನ್ನು ತಯಾರಿಸಿಕೊಳ್ಳದಂತೆ ಇದು ತಡೆಯುತ್ತದೆ. ಶಿಲೀಂಧ್ರದ ಜೀವಕೋಶದ ರಚನೆಯೇ ಬೇರೆ. ನಂಜಾಣುವಿಗಂತೂ ಜೀವಕೋಶವೇ ಇಲ್ಲ. ಆದ್ದರಿಂದ ಇವೆರಡರಿಂದ ಬರುವ ರೋಗಗಳಿಗೆ ಈ ಔಷಧಿ ನಿಷ್ಪ್ರಯೋಜಕ.

ತೆಂಗಿಗೆ ಏಕೆ ಬೇಡ?

ಈ ಭಾಗದ ತೆಂಗನ್ನು ಕಾಡುವ ಮುಖ್ಯ ರೋಗಗಳು ದುಂಡಾಣುವಿನಿಂದ ಬರುವಂಥವಲ್ಲ. ಅಣಬೆ ರೋಗಕ್ಕೆ ಗ್ಯಾನೊಡರ್ಮ ಎಂಬ ಶಿಲೀಂಧ್ರ ಕಾರಣ. ಕಾಂಡ ಸೋರುವ ರೋಗವೂ ಶಿಲೀಂಧ್ರದ್ದೇ. ಸುಳಿ ಕೊಳೆ ರೋಗಕ್ಕೆ ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರ ಕಾರಣ.

ತೆಂಗಿಗೆ ಟೆಟ್ರಾಸೈಕ್ಲಿನ್ ಎಂಬ ಮಾತು ಪೂರ್ತಿ ಆಧಾರವಿಲ್ಲದ್ದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಮಾರಕ ಹಳದಿ ರೋಗ ತಗುಲಿದ ಮರಗಳ ಕಾಂಡಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚಲಾಯಿತು. ಆ ರೋಗಕ್ಕೆ ದುಂಡಾಣು ಜಾತಿಯ ಫೈಟೊಪ್ಲಾಸ್ಮ ಕಾರಣವಾದ್ದರಿಂದ ಲಕ್ಷಣಗಳು ತಗ್ಗಿದವು. ಆದರೆ ಸುಮಾರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಮತ್ತೆ ಚುಚ್ಚಬೇಕಾಗಿತ್ತು. ರೋಗ ಬುಡಸಮೇತ ಹೋಗಲಿಲ್ಲ. ಅಲ್ಲಿನ ರೋಗವೇ ಬೇರೆ, ಇಲ್ಲಿನ ಅಣಬೆ ರೋಗವೇ ಬೇರೆ.

ಇದಲ್ಲದೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳನ್ನು ಬೇಸಾಯದಲ್ಲಿ ಬಳಸುವುದನ್ನು 2024ರ ಜನವರಿ 1ರಿಂದ ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರವು 2021ರ ಡಿಸೆಂಬರ್ ತಿಂಗಳಲ್ಲಿ ಹೊರಡಿಸಿತ್ತು.

ಮರಕ್ಕೆ ಮಾಡಬೇಕಾದದ್ದು

ಕಾಂಡದ ಬುಡದಲ್ಲಿ ಕಂದು ಬಣ್ಣದ ರಸ ಸೋರುವುದು, ಕೆಳಗಿನ ಗರಿಗಳು ಜೋತು ಬೀಳುವುದು, ಮಳೆಗಾಲದಲ್ಲಿ ಬುಡದಲ್ಲಿ ಅಣಬೆ ಕಾಣುವುದು ಅಣಬೆ ರೋಗದ ಲಕ್ಷಣಗಳು. ರೋಗದ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೋಡಿ ಬೇರ್ಪಡಿಸಬೇಕು. ಆ ಮರದ ನೀರು ಆರೋಗ್ಯವಂತ ಮರಗಳ ಕಡೆಗೆ ಹರಿಯಬಾರದು. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮರಕ್ಕೆ 40 ಲೀಟರ್‌ನಂತೆ ಬುಡಕ್ಕೆ ಸುರಿಯಬೇಕು. ಆರೋಗ್ಯವಂತ ಮರಗಳಿಗೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೊಡರ್ಮದೊಡನೆ ಕೊಡುವುದು ಒಳ್ಳೆಯದು. ಬೋರ್ಡೋ ಹಾಕಿದ ಜಾಗಕ್ಕೆ ಕೂಡಲೇ ಟ್ರೈಕೊಡರ್ಮ ಹಾಕಬಾರದು. ಅದೂ ಶಿಲೀಂಧ್ರವಾದ್ದರಿಂದ ಸತ್ತುಹೋಗುತ್ತದೆ.

ಹಸುವಿಗೆ ಬಳಸುವಾಗ

ದುಂಡಾಣುವಿನಿಂದ ಬರುವ ಹಲವು ರೋಗಗಳಲ್ಲಿ ಟೆಟ್ರಾಸೈಕ್ಲಿನ್ ಹಸುವಿನ ಜೀವ ಉಳಿಸುತ್ತದೆ. ಕಾಲುಬಾಯಿ ಜ್ವರಕ್ಕೆ ನಂಜಾಣು ಕಾರಣ. ಅಲ್ಲಿ ಹುಣ್ಣಿಗೆ ದುಂಡಾಣು ಸೇರಿದಾಗ ಮಾತ್ರ ಪಶುವೈದ್ಯರು ಪ್ರತಿಜೈವಿಕ ಕೊಡುತ್ತಾರೆ. ರೈತರು ಗಮನಿಸಬೇಕಾದ ಅಂಶಗಳು ಇವು:

1. ಪಶುವೈದ್ಯರ ಚೀಟಿಯಿಲ್ಲದೆ ಔಷಧಿ ಕೊಳ್ಳಬಾರದು; ನೆರೆಮನೆಯ ಹಸುವಿನ ಔಷಧಿ ತರಬಾರದು.

2. ಹೇಳಿದ ಪ್ರಮಾಣವನ್ನು ಹೇಳಿದಷ್ಟು ದಿನ ಕೊಡಬೇಕು. ಅರೆಪ್ರಮಾಣ ಕೊಟ್ಟಲ್ಲಿ ಔಷಧಿಗೆ ಜಗ್ಗದ ದುಂಡಾಣುಗಳು ಉಳಿದು ಹೆಚ್ಚುತ್ತವೆ. ಅವು ಸಗಣಿಯ ಮೂಲಕ ಗೊಬ್ಬರದ ಗುಂಡಿಗೂ ತೋಟದ ಮಣ್ಣಿಗೂ ಸೇರುತ್ತವೆ.

3. ಚಿಕಿತ್ಸೆಯ ಕಾಲದಲ್ಲಿ ಮತ್ತು ಅನಂತರ ಎಷ್ಟು ದಿನ ಹಾಲು ಬಿಡಬೇಕೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಹಾಲನ್ನು ಡೇರಿಗೆ ಹಾಕಬಾರದು, ಮಕ್ಕಳಿಗೂ ಕೊಡಬಾರದು. ಕಾಯಿಸಿದ ಮಾತ್ರಕ್ಕೆ ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗದಿರಬಹುದು.

4. ದನದ ಔಷಧಿಯನ್ನು ಮನುಷ್ಯರು ಸೇವಿಸಕೂಡದು. ಗರ್ಭಿಣಿಯರು ಮತ್ತು ಎಂಟು ವರ್ಷದೊಳಗಿನ ಮಕ್ಕಳು ಟೆಟ್ರಾಸೈಕ್ಲಿನ್ ಸೇವಿಸಿದರೆ ಮಕ್ಕಳ ಹಲ್ಲು ಶಾಶ್ವತವಾಗಿ ಕಂದುಗಟ್ಟಬಹುದು.

ರೋಗ ಯಾವುದೆಂದು ತಿಳಿದ ಮೇಲೆಯೇ ಔಷಧಿ ಯಾವುದೆಂದು ನಿರ್ಧರಿಸಬೇಕು. ಮರದ ಬಗ್ಗೆ ಸಂದೇಹವಿದ್ದಲ್ಲಿ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು, ಹಸುವಿನ ಬಗ್ಗೆ ಹತ್ತಿರದ ಪಶುವೈದ್ಯರನ್ನು ವಿಚಾರಿಸುವುದು ಲೇಸು.