ಶಾಲೆಯ ಕಲಹವೂ ಮಾಧ್ಯಸ್ಥ್ಯ ಭಾವನೆಯೂ

ಶ್ರಾವಕನ ದ್ವಾದಶ ವ್ರತಗಳಲ್ಲಿ ಮೊದಲನೆಯದಾದ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬುವೇ ಅವು. ಇವನ್ನು ಎತ್ತು ಕುದುರೆಗಳ ವಿಷಯವೆಂದು ಭಾವಿಸಿ ಓದಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ಆದರೆ ವಧವೆಂದರೆ ಇಲ್ಲಿ ಪ್ರಾಣಹರಣವಲ್ಲ, ಕೋಲು, ಚಾವಟಿ, ಬೆತ್ತ ಮೊದಲಾದವುಗಳಿಂದ ಹೊಡೆಯುವುದು ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಬೆತ್ತ ಎಂದೊಡನೆ ನಮಗೆ ನೆನಪಾಗುವುದು ಕುದುರೆಲಾಯವಲ್ಲ, ಪಾಠಶಾಲೆ. ಛೇದವೊಂದನ್ನುಳಿದು ಮಿಕ್ಕ ನಾಲ್ಕು ಅತಿಚಾರಗಳೂ ಶಿಸ್ತಿನ ಹೆಸರಿನಲ್ಲಿ ಅಲ್ಲಿ ಬಹುಕಾಲ ನಡೆದುಬಂದಿವೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವೇನೋ ಕೆಳಗಿಳಿಯಿತು. ಮಕ್ಕಳ ಜಗಳವನ್ನು ಇನ್ನು ಹೇಗೆ ತೀರಿಸಬೇಕೆಂಬ ಪ್ರಶ್ನೆ ಮಾತ್ರ ಅಧ್ಯಾಪಕನ ಪಾಲಿಗೇ ಉಳಿಯಿತು.

ಈ ಪ್ರಶ್ನೆಗೆ ನಾನು ಒಮ್ಮೆ ಕೊಟ್ಟ ಉತ್ತರವನ್ನು ಮುಚ್ಚಿಡಲಾರೆ. ಏಳನೆಯ ತರಗತಿಯ ಇಬ್ಬರು ಬಾಲಕರು ನೀರಿನ ನಲ್ಲಿಯ ಬಳಿ ಹೊಡೆದಾಡಿಕೊಂಡರು. ತಪ್ಪು ಯಾರದೆಂದು ಹೇಳುವವರೆಗೆ ಇಬ್ಬರೂ ಕೊಠಡಿಯಿಂದ ಕದಲಬಾರದೆಂದು ಆಜ್ಞಾಪಿಸಿದೆ. ಊಟದ ಗಂಟೆಯಾದರೂ ಬಿಡಲಿಲ್ಲ. ಅಂದು ಚತುರ್ದಶಿ, ನನಗೆ ಉಪವಾಸ. ನಾನೇ ಉಣ್ಣದಿರುವಾಗ ಇವರಿಗೇನು ಎಂಬ ಒಂದು ಬಗೆಯ ಹೆಮ್ಮೆಯೂ ಮನದಲ್ಲಿತ್ತು. ಬಿಸಿಯೂಟ ಬಡಿಸುವ ತಾಯಿಯು ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಈ ಹುಡುಗರ ಅನ್ನ ತೆಗೆದಿಡಲೋ, ಬೇಡವೋ?” ಎಂದು ಕೇಳಿದಳು. ಬೇಡವೆಂದೆ. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಅತಿಚಾರಗಳನ್ನು ಒಂದೊಂದಾಗಿ ನೆನೆಯುತ್ತ ಕೊನೆಯದಕ್ಕೆ ಬಂದು ನಿಂತುಬಿಟ್ಟೆ. ನನ್ನ ಉಪವಾಸ ನಾನು ಬಯಸಿ ಕೈಗೊಂಡದ್ದು. ಆ ಬಾಲಕರದು ಅನ್ನಪಾನನಿರೋಧ. ಬಂಧವೂ ಅದರೊಡನೆ ಸೇರಿತ್ತು.

ಅನಂತರದ ವರ್ಷಗಳಲ್ಲಿ ಈ ವಿಷಯವಾಗಿ ದೊರೆತುದನ್ನೆಲ್ಲ ಓದಿದೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳಲ್ಲಿ 1985ರಲ್ಲಿ ಕಲಹ ಪರಿಹಾರದ ಒಂದು ಪಾಠಕ್ರಮವು ಆರಂಭವಾಯಿತು. ಅದರ ಒಂದು ಅಂಗವಾಗಿ ವಿದ್ಯಾರ್ಥಿಗಳನ್ನೇ ಮಧ್ಯಸ್ಥರನ್ನಾಗಿ ತರಬೇತಿಗೊಳಿಸಿದರು. ಜಗಳವಾಡಿದವರು ಒಬ್ಬರಾದ ಮೇಲೊಬ್ಬರು ಮಾತನಾಡಬೇಕು. ನಡುವೆ ಬಾಯಿ ಹಾಕಬಾರದು, ಹೀನಾಯವಾಗಿ ಕರೆಯಬಾರದು. ಮಧ್ಯಸ್ಥನು ಕೇಳಿದ್ದನ್ನು ತಿರುಗಿ ಹೇಳಿ, ಮುಂದೇನು ಮಾಡುವಿರೆಂದು ಅವರನ್ನೇ ಪ್ರಶ್ನಿಸುತ್ತಾನೆ. ತೀರ್ಪು ಕೊಡುವ ಅಧಿಕಾರ ಅವನಿಗಿಲ್ಲ. ಮುಂದೆ ವಿದ್ವಾಂಸರು ಪರೀಕ್ಷಿಸಿ ನೋಡಿದಾಗ, ಪಾಠಗಳನ್ನು ತಪ್ಪದೆ ನಡೆಸಿದ ತರಗತಿಗಳಲ್ಲಿ ಮಕ್ಕಳ ಆಕ್ರಮಣಬುದ್ಧಿಯು ಬೆಳೆಯುವ ವೇಗ ತಗ್ಗಿತ್ತು. ಅಧ್ಯಾಪಕರು ತರಬೇತಿ ಪಡೆದೂ ಪಾಠಗಳನ್ನು ವಿರಳವಾಗಿ ನಡೆಸಿದಲ್ಲಿ ಆ ಫಲ ಕಾಣಲಿಲ್ಲ. ವ್ರತಸ್ವೀಕಾರಕ್ಕೂ ವ್ರತಪಾಲನೆಗೂ ಇರುವ ಅಂತರವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿದೆ?

ಮಧ್ಯಸ್ಥ ಎಂಬ ಪದವೂ ನಮಗೆ ಹೊಸದಲ್ಲ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ಅವಿನೇಯರಲ್ಲಿ, ಎಂದರೆ ತಿದ್ದುವ ಮಾತನ್ನು ಕೇಳದವರಲ್ಲಿ, ಮಾಧ್ಯಸ್ಥ್ಯ ಎಂದು ಸೂತ್ರಕಾರರು ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ. ಮಾಧ್ಯಸ್ಥ್ಯವೆಂದರೆ ಔದಾಸೀನ್ಯವೆಂದು ಕೆಲವರು ಎಣಿಸುವರು. ಆದರೆ ರಾಗದ್ವೇಷಗಳಿಂದ ಹುಟ್ಟುವ ಪಕ್ಷಪಾತವು ಇಲ್ಲದಿರುವುದೇ ಮಾಧ್ಯಸ್ಥ್ಯವೆಂದು ಪೂಜ್ಯಪಾದರ ವಿವರಣೆ. ತರಗತಿಯ ತಂಟೆಕೋರನನ್ನು ಕಂಡೊಡನೆ ತಪ್ಪು ಇವನದೇ ಎಂದು ನಿಶ್ಚಯಿಸುವ ಅಧ್ಯಾಪಕನಿಗೆ ಇದಕ್ಕಿಂತ ಕಠಿಣವಾದ ಅಭ್ಯಾಸವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಮಬಲರ ಜಗಳಕ್ಕೆ ಈ ಕ್ರಮ ಹೊಂದುತ್ತದೆ. ಬಲಿಷ್ಠನೊಬ್ಬನು ದುರ್ಬಲನನ್ನು ನಿತ್ಯ ಪೀಡಿಸುತ್ತಿರುವಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸುವುದು ಅನ್ಯಾಯವಾದೀತು. ಅಲ್ಲಿ ಕಾರುಣ್ಯವೇ ಮೊದಲು, ಎಂದರೆ ಪೀಡಿತನ ರಕ್ಷಣೆ.

ಸರ್ಕಾರಿ ಶಾಲೆಯಲ್ಲಿ ಇದನ್ನು ಧರ್ಮಪಾಠವಾಗಿ ಬೋಧಿಸುವಂತಿಲ್ಲ. ಸಂವಿಧಾನದ 28ನೆಯ ವಿಧಿ ಅದನ್ನು ತಡೆಯುತ್ತದೆ, ತಡೆಯುವುದು ಯುಕ್ತವೂ ಹೌದು. ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುವುದಕ್ಕೆ ಯಾವ ಮತದ ಹೆಸರೂ ಬೇಕಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಂತಿಶಿಕ್ಷಣವನ್ನು ಪ್ರತ್ಯೇಕ ವಿಷಯವಾಗಿಸದೆ ಎಲ್ಲ ವಿಷಯಗಳಲ್ಲಿಯೂ ಬೆರೆಸಬೇಕೆಂದಿತು. ಉದ್ದೇಶ ಒಳ್ಳೆಯದೇ. ಆದರೂ ವಾರಕ್ಕೊಂದು ಅವಧಿಯನ್ನು ಇದಕ್ಕಾಗಿಯೇ ಮೀಸಲಿಡದಿದ್ದರೆ ಪರೀಕ್ಷೆಯ ತಿಂಗಳಲ್ಲಿ ಇದರ ನೆನಪು ಯಾರಿಗೂ ಆಗದೆಂಬುದು ನನ್ನ ಅನುಭವ.

ಆ ಬಾಲಕರ ವಿಷಯ ಹೇಳಿ ಮುಗಿಸುವೆ. ಮರುದಿನ ತರಗತಿಯೆದುರು ಅವರಿಬ್ಬರ ಕ್ಷಮೆ ಕೇಳಿದೆ. ಅಧ್ಯಾಪಕರು ಹಾಗೆ ಮಾಡುವುದನ್ನು ಅವರು ಕಂಡಿರಲಿಲ್ಲ, ಒಬ್ಬನಂತೂ ನಕ್ಕುಬಿಟ್ಟ. ಅನಂತರ ಕೇಳದೆಯೇ ಮಾತು ಹೊರಬಂದಿತು. ನಲ್ಲಿಯ ನೀರು ನೆಪಮಾತ್ರವಾಗಿತ್ತು. ಒಬ್ಬನು ಇನ್ನೊಬ್ಬನ ತಂದೆಯನ್ನು ಅಡ್ಡಹೆಸರಿನಿಂದ ಕರೆದಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತರು. ಆದರೆ ಪಕ್ಕಪಕ್ಕದಲ್ಲಿ ಅಲ್ಲ; ಅದಕ್ಕೆ ಇನ್ನೂ ಒಂದು ವಾರ ಬೇಕಾಯಿತು.