ಬ್ಲಾಗಿಗೆ ಚಿತ್ರ ಹಾಕುವ ಮುನ್ನ

ಕನ್ನಡದ ಎಷ್ಟೋ ಬ್ಲಾಗುಗಳಲ್ಲಿ ಚಿತ್ರದ ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸಾಲು ಕಾಣಿಸುತ್ತದೆ. ಚಿತ್ರ ತಮ್ಮದಲ್ಲ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದರಲ್ಲಿದೆ, ನಿಜ. ಆದರೆ ಅದರಿಂದ ಚಿತ್ರ ತೆಗೆದವರಿಗೆ ಹೆಸರೂ ಸಿಗುವುದಿಲ್ಲ, ಹಾಕಿಕೊಂಡವರಿಗೆ ಹಕ್ಕೂ ಬರುವುದಿಲ್ಲ. ಮಳೆಯಲ್ಲಿ ನೆನೆಯುತ್ತ ಜೋಗದ ಎದುರು ನಿಂತವರು, ಯಕ್ಷಗಾನದ ರಂಗಸ್ಥಳದ ಮುಂದೆ ಬೆಳಗಿನವರೆಗೆ ಕ್ಯಾಮೆರಾ ಹಿಡಿದು ಕೂತವರು ನಮ್ಮ ನಡುವೆಯೇ ಇದ್ದಾರೆ. ಅವರ ದುಡಿಮೆಗೆ ಮರ್ಯಾದೆ ಕೊಟ್ಟು, ಕಾನೂನಿನ ತೊಡಕೂ ಇಲ್ಲದಂತೆ ಚಿತ್ರ ಬಳಸಲು ಸಾಧ್ಯ. ಬಹುಪಾಲು ಖರ್ಚಿಲ್ಲದೆ.

ಮೊದಲು ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊ ಕ್ಲಿಕ್ಕಿಸಿದ ಗಳಿಗೆಯಿಂದಲೇ ಅದಕ್ಕೆ ರಕ್ಷಣೆ ಇರುತ್ತದೆ. ನೋಂದಣಿ ಕಡ್ಡಾಯವಲ್ಲ, ಚಿತ್ರದ ಮೂಲೆಯಲ್ಲಿ ಹೆಸರಾಗಲಿ ಗುರುತಾಗಲಿ ಇರಬೇಕೆಂದೂ ಇಲ್ಲ. 2012ರ ತಿದ್ದುಪಡಿಯ ನಂತರ ಫೋಟೊಗಳಿಗೂ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅವರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ಇದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು.

ಸಿನಿಮಾ ವಿಮರ್ಶೆ ಬರೆಯುವವರಿಗೆ ಒಂದು ಮಾತು. ವಿಮರ್ಶೆ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗೆ ನ್ಯಾಯವಾದ ಮಟ್ಟಿಗೆ ಕೃತಿಯನ್ನು ಬಳಸಲು 52ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಬರಹದಲ್ಲಿ ಆ ಕೃತಿಯ ಚರ್ಚೆಯೇ ಇಲ್ಲದಿದ್ದರೆ ಪುಟದ ಅಂದಕ್ಕೆಂದು ಹಾಕಿದ ಚಿತ್ರಕ್ಕೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳಬೇಡಿ.

ಹೆಜ್ಜೆ 1: ಸರಿಯಾದ ಜಾಗದಲ್ಲಿ ಹುಡುಕಿ

ಗೂಗಲ್ ಚಿತ್ರಗಳನ್ನು ತೋರಿಸುತ್ತದೆ; ಅವುಗಳ ಒಡೆತನ ಅದರದ್ದಲ್ಲ. ಅಲ್ಲೇ ಹುಡುಕುವುದಾದರೆ ‘ಟೂಲ್ಸ್’ ಒತ್ತಿ, ‘ಯೂಸೇಜ್ ರೈಟ್ಸ್’ ಎಂಬಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿಕೊಳ್ಳಿ. ಹಾಗೆ ಸಿಕ್ಕ ಚಿತ್ರದ ಮೂಲ ಪುಟಕ್ಕೂ ಹೋಗಿ ನೋಡಲೇಬೇಕು. ನೇರವಾಗಿ ವಿಕಿಮೀಡಿಯಾ ಕಾಮನ್ಸ್, ಓಪನ್‌ವರ್ಸ್, ಅನ್‌ಸ್ಪ್ಲಾಶ್, ಪೆಕ್ಸೆಲ್ಸ್, ಪಿಕ್ಸಾಬೇ ತಾಣಗಳಿಗೆ ಹೋಗುವುದು ಇನ್ನೂ ಒಳ್ಳೆಯದು. ಉಚಿತ ತಾಣಗಳಲ್ಲೂ ಐಸ್ಟಾಕ್‌ನಂಥ ಮಾರಾಟದ ತಾಣಗಳ ಚಿತ್ರಗಳು ಜಾಹೀರಾತಾಗಿ ನಡುವೆ ಕಾಣಿಸಿಕೊಳ್ಳುತ್ತವೆ, ಅವು ಉಚಿತವಲ್ಲ.

ಹಳೆಯ ಕಲಾಕೃತಿಗಳ ಕಡೆಗೂ ಕಣ್ಣು ಹಾಯಿಸಿ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಮೂಲ ವರ್ಣಚಿತ್ರಗಳು ಇಂದು ಎಲ್ಲರ ಸೊತ್ತು. ಸರ್ಕಾರಿ ಚಿತ್ರಗಳ ವಿಷಯ ಹಾಗಲ್ಲ. ನಮ್ಮಲ್ಲಿ ಸರ್ಕಾರಕ್ಕೂ ಪ್ರಕಟಣೆಯಿಂದ 60 ವರ್ಷ ಕೃತಿಸ್ವಾಮ್ಯ ಇರುವುದರಿಂದ, ಇಲಾಖೆಯ ಜಾಲತಾಣದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಎತ್ತಿಕೊಳ್ಳುವಂತಿಲ್ಲ.

ಹೆಜ್ಜೆ 2: ಷರತ್ತು ಓದಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಕ್ರಿಯೇಟಿವ್ ಕಾಮನ್ಸ್ ಎಂದರೆ ಒಂದೇ ಪರವಾನಗಿಯಲ್ಲ. ‘ಬೈ’ ಎಂದಿದ್ದರೆ ತೆಗೆದವರ ಹೆಸರು ಹಾಕಿ ಬಳಸಬಹುದು. ‘ಎಸ್‌ಎ’ ಸೇರಿದ್ದರೆ, ಚಿತ್ರವನ್ನು ನೀವು ಮಾರ್ಪಡಿಸಿದಾಗ ಆ ಹೊಸ ಚಿತ್ರವನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ‘ಎನ್‌ಡಿ’ ಇದ್ದರೆ ಮಾರ್ಪಡಿಸಿ ಹಂಚುವಂತಿಲ್ಲ. ಎರಡು ಚಿತ್ರ ಬೆಸೆದು ಪೋಸ್ಟರ್ ಮಾಡುವ ಆಲೋಚನೆ ಬಿಡಿ. ‘ಎನ್‌ಸಿ’ ಎಂದರೆ ವಾಣಿಜ್ಯ ಬಳಕೆ ಸಲ್ಲದು. ಬ್ಲಾಗಿನಲ್ಲಿ ಜಾಹೀರಾತಿನಿಂದ ನಾಲ್ಕು ಕಾಸು ಬರುತ್ತಿದ್ದರೆ ಎನ್‌ಸಿ ಚಿತ್ರಗಳ ಗೊಡವೆಗೆ ಹೋಗದಿರುವುದು ಲೇಸು. ‘ಸಿಸಿ ಝೀರೊ’ಗೆ ಷರತ್ತುಗಳಿಲ್ಲ.

ಅನ್‌ಸ್ಪ್ಲಾಶ್, ಪಿಕ್ಸಾಬೇಗಳಿಗೆ ತಮ್ಮದೇ ಪರವಾನಗಿ ಇದೆ. ಅಲ್ಲಿ ಹೆಸರು ಹಾಕುವುದು ಕಡ್ಡಾಯವಲ್ಲ. ಆದರೂ ಹಾಕಿ, ಒಂದು ಸಾಲಿನ ಕೆಲಸ ಅದು. ಇನ್ನು ಶಟರ್‌ಸ್ಟಾಕ್‌ನಂಥ ತಾಣಗಳಲ್ಲಿ ಕಾಣುವ ‘ರಾಯಲ್ಟಿ ಫ್ರೀ’ ಎಂಬುದನ್ನು ಪುಕ್ಕಟೆ ಎಂದು ತಿಳಿಯಬೇಡಿ. ಒಮ್ಮೆ ಹಣ ಕೊಟ್ಟರೆ ಷರತ್ತಿನೊಳಗೆ ಮತ್ತೆ ಮತ್ತೆ ಬಳಸಬಹುದು ಎಂದಷ್ಟೇ. ‘ಎಡಿಟೋರಿಯಲ್’ ಎಂದು ನಮೂದಿಸಿದ ಚಿತ್ರಗಳು ಸುದ್ದಿ, ಮಾಹಿತಿಯ ಬರಹಕ್ಕೆ ಮಾತ್ರ, ಜಾಹೀರಾತಿಗಲ್ಲ. ಮಾದರಿಗೆಂದು ತೋರಿಸಿದ ಚಿತ್ರದ ವಾಟರ್‌ಮಾರ್ಕ್ ಅಳಿಸಿ ಹಾಕಿಕೊಳ್ಳುವುದು ಬೇಡವೇ ಬೇಡ. ಹಕ್ಕಿನ ವಿವರವನ್ನು ಬೇಕೆಂದೇ ತೆಗೆದುಹಾಕುವುದಕ್ಕೆ 2 ವರ್ಷದವರೆಗೆ ಶಿಕ್ಷೆಯಿದೆ.

ಚಿತ್ರದಲ್ಲಿ ಮುಖ ಸ್ಪಷ್ಟವಾಗಿ ಕಾಣುವ ವ್ಯಕ್ತಿ ಇದ್ದರೆ ಇನ್ನೂ ಎಚ್ಚರ ಬೇಕು. ಸಾಲ, ಕಾಯಿಲೆ, ಕುಡಿತದ ಬಗೆಗಿನ ಲೇಖನಕ್ಕೆ ಯಾರದೋ ಮುಖ ಅಂಟಿಸುವುದು ಅವರಿಗೆ ಮಾಡುವ ಅನ್ಯಾಯ.

ಹೆಜ್ಜೆ 3: ಇಳಿಸಿಕೊಳ್ಳುವಾಗಲೇ ದಾಖಲೆ ಇಡಿ

ಚಿತ್ರದ ಪುಟದ ಸ್ಕ್ರೀನ್‌ಶಾಟ್, ಕೊಂಡಿ, ಛಾಯಾಗ್ರಾಹಕರ ಹೆಸರು, ಪರವಾನಗಿ, ದಿನಾಂಕ ಇವಿಷ್ಟನ್ನು ಒಂದು ಫೋಲ್ಡರಿನಲ್ಲಿ ಉಳಿಸಿ. ತಾಣಗಳು ಷರತ್ತು ಬದಲಿಸುತ್ತವೆ. ಅನ್‌ಸ್ಪ್ಲಾಶ್ 2017ರಲ್ಲಿ ಸಿಸಿ ಝೀರೊ ಬಿಟ್ಟು ತನ್ನದೇ ಪರವಾನಗಿ ತಂದಿತು. ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ತಮ್ಮ ಸಾವಿರಾರು ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸಾರ್ವಜನಿಕರಿಗಾಗಿ ಕೊಟ್ಟಿದ್ದರು. ಅವರೇ ತೆಗೆದ ಫೋಟೊ ಅವರದೇ ಜಾಲತಾಣದಲ್ಲಿದ್ದುದಕ್ಕೆ 120 ಡಾಲರ್ ಕೊಡಿ ಎಂಬ ಪತ್ರ ಬಂತು. 2016ರಲ್ಲಿ ಅದು ನ್ಯಾಯಾಲಯದ ಮೆಟ್ಟಿಲೇರಿತು. ಹಣ ಕೇಳುವ ಪತ್ರಗಳು ತಪ್ಪಿ ಬರುವುದೂ ಉಂಟು. ಆಗ ಕೈಹಿಡಿಯುವುದು ಈ ಫೋಲ್ಡರು.

ಹೆಜ್ಜೆ 4: ಹೆಸರು ಹೀಗೆ ಹಾಕಿ

‘ಹಂಪಿಯ ಕಲ್ಲಿನ ರಥ. ಚಿತ್ರ: (ಛಾಯಾಗ್ರಾಹಕರ ಹೆಸರು), ವಿಕಿಮೀಡಿಯಾ ಕಾಮನ್ಸ್, ಸಿಸಿ ಬೈ-ಎಸ್‌ಎ 4.0.’ ತಾಣದ ಹೆಸರಿಗೆ ಮೂಲ ಪುಟದ ಕೊಂಡಿ, ಪರವಾನಗಿಯ ಹೆಸರಿಗೆ ಅದರ ಪಠ್ಯದ ಕೊಂಡಿ ಸೇರಿಸಿ. ಕತ್ತರಿಸಿದ್ದರೆ, ಬಣ್ಣ ಬದಲಿಸಿದ್ದರೆ ಅದನ್ನೂ ಹೇಳಿ.

ಬೇಕಾದ ಚಿತ್ರಕ್ಕೆ ಪರವಾನಗಿ ಕಾಣದಿದ್ದರೆ ತೆಗೆದವರನ್ನೇ ಕೇಳಿ: ‘ನಮಸ್ಕಾರ. ನಿಮ್ಮ ಕರಗದ ಚಿತ್ರವನ್ನು ನನ್ನ ಬ್ಲಾಗಿನ ಇಂಥ ಲೇಖನಕ್ಕೆ ನಿಮ್ಮ ಹೆಸರಿನೊಂದಿಗೆ ಬಳಸಬಹುದೇ? ಬ್ಲಾಗಿನಲ್ಲಿ ಜಾಹೀರಾತು ಇಲ್ಲ.’ ಒಪ್ಪಿಗೆ ಬರಹದಲ್ಲಿರಲಿ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಆಕ್ಷೇಪ ಬಂದರೆ

ಚಿತ್ರವನ್ನು ಕೂಡಲೇ ಕೆಳಗಿಳಿಸಿ, ದಾಖಲೆ ನೋಡಿ, ಸಭ್ಯವಾಗಿ ಉತ್ತರಿಸಿ. ಕ್ರಿಯೇಟಿವ್ ಕಾಮನ್ಸ್ 4.0 ಪರವಾನಗಿಯಲ್ಲಿ, ಲೋಪ ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ಮರಳಿ ಬರುತ್ತದೆ. ದೊಡ್ಡ ಮೊತ್ತ ಕೇಳಿದರೆ ವಕೀಲರ ಸಲಹೆ ಪಡೆಯಿರಿ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ನಿಮ್ಮೂರಿನ ವೀರಗಲ್ಲು, ಸಂತೆ, ಪತ್ರೊಡೆ, ಅಂಬಲಿಗಳ ಒಳ್ಳೆಯ ಚಿತ್ರ ವಿದೇಶಿ ತಾಣಗಳಲ್ಲಿ ಸಿಗುವುದು ಕಷ್ಟ. ಅವನ್ನು ನೀವೇ ತೆಗೆಯಿರಿ, ಫೋನಿನ ಕ್ಯಾಮೆರಾ ಸಾಕು. ತೆಗೆದದ್ದರಲ್ಲಿ ಕೆಲವನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಕನ್ನಡದ ವಿವರಣೆಯೊಂದಿಗೆ ಸೇರಿಸಿ. ಮುಂದಿನ ಬರಹಗಾರರು ನಿಮ್ಮ ಹೆಸರು ಹಾಕಿ ಬಳಸಿಕೊಳ್ಳಲಿ.