ಚಿಂಚೋಳಿ ಅಡವಿಯ ಇರುವೆಗಳು

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಇರುವೆಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಸಹಪಾಠಿಗಳು ನಗಬಹುದು. ಪ್ರಾಣಿಶಾಸ್ತ್ರವು ನಾನು ಓದಿದ ವಿಷಯವಲ್ಲ. ಆದರೆ ಭೂಗೋಳವನ್ನು ಐಚ್ಛಿಕವಾಗಿ ತೆಗೆದುಕೊಂಡವನು ನೆಲವನ್ನು ನೋಡುವುದು ಸಹಜವಷ್ಟೆ. ನೆಲವನ್ನು ನೋಡಹೋದವನಿಗೆ ಇರುವೆಗಳು ಕಂಡವು. ನನ್ನ ಅರ್ಹತೆ ಇಷ್ಟೇ.

ಜಗತ್ತಿನಲ್ಲಿ ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಇರುವೆ ಜಾತಿಗಳು 13,000ಕ್ಕೂ ಮಿಕ್ಕಿವೆ. ನಮ್ಮ ದೇಶದ ಪಾಲು ಇದರಲ್ಲಿ 800ಕ್ಕೂ ಹೆಚ್ಚು. ಬಿಸಿಲನಾಡುಗಳ ಕಾಡುಗಳೇ ಇವುಗಳ ತವರು. ಅಮೆರಿಕದ ಎಡ್ವರ್ಡ್ ವಿಲ್ಸನ್ ಎಂಬ ಪ್ರಸಿದ್ಧ ವಿದ್ವಾಂಸರು ಪೆರು ದೇಶದ ಕಾಡಿನ ಒಂದೇ ಒಂದು ಮರದಿಂದ 43 ಜಾತಿಗಳ ಇರುವೆಗಳನ್ನು ಗುರುತಿಸಿ 1987ರಲ್ಲಿ ಪ್ರಕಟಿಸಿದರು. ಇಡೀ ಬ್ರಿಟಿಷ್ ದ್ವೀಪಗಳಲ್ಲಿ ಇರುವ ಜಾತಿಗಳೂ ಹೆಚ್ಚುಕಡಿಮೆ ಅಷ್ಟೇ! ನಮ್ಮವರೇ ಆದ ರಾಘವೇಂದ್ರ ಗದಗಕರ ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟದ ಕೆಲವು ಕಡೆ ಹುಡುಕಿ 140 ಜಾತಿಗಳನ್ನು ಕಂಡುದಾಗಿ 1993ರಲ್ಲಿ ಬರೆದರು. ಘಟ್ಟದ ಹಸಿರು ನಮಗೆಲ್ಲಿಯದು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕಡೆ ಕಾಣುವುದು ತೊಗರಿಯ ಹೊಲ ಮತ್ತು ಸುಣ್ಣದ ಕಲ್ಲಿನ ಖಣಿ. ನಮ್ಮ ಪಾಲಿಗೆ ಅಡವಿ ಎಂದರೆ ಚಿಂಚೋಳಿಯೊಂದೇ. 2011ರಲ್ಲಿ ಸರಕಾರವು ಅಲ್ಲಿಯ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಸಾರಿತು. ಎಲೆ ಉದುರುವ ಒಣಕಾಡು ಅದು.

ಕಳೆದ ಡಿಸೆಂಬರಿನಲ್ಲಿ ಚಂದ್ರಂಪಳ್ಳಿಯ ಕಡೆ, ಕಾಡಿನ ಅಂಚಿನಲ್ಲಿ, ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ಬಿಳಿಯ ಕಾಗದದ ಚೂರುಗಳ ಮೇಲೆ ಒಂದಿಷ್ಟು ಬೆಲ್ಲ, ಒಂದಿಷ್ಟು ಶೇಂಗಾದ ಪುಡಿ ಇಟ್ಟು ದೂರ ಕುಳಿತೆ. ಮೊದಲ ದಿನದ ಬೆಲ್ಲವನ್ನು ಒಂದು ಮೇಕೆ ಕಾಗದಸಮೇತ ತಿಂದುಹಾಕಿತು. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯ ದಿನ ಕಂಡದ್ದು ಹೀಗೆ. ಐದು ನಿಮಿಷದೊಳಗೆ ಒಂದು ಕಿರಿಯ, ಚುರುಕಾದ ಇರುವೆ ಬೆಲ್ಲವನ್ನು ಕಂಡುಹಿಡಿಯಿತು. ಅದು ಮನೆಗೆ ಹೋಗಿ ತನ್ನವರನ್ನು ಕರೆತರುವುದರೊಳಗಾಗಿ, ದೊಡ್ಡ ತಲೆಯ ಸಿಪಾಯಿಗಳನ್ನು ಜೊತೆಗಿಟ್ಟುಕೊಂಡ ಕಂದುಬಣ್ಣದ ಸಣ್ಣ ಇರುವೆಗಳ ಸಾಲೊಂದು ಎಲೆಗಳ ಅಡಿಯಿಂದ ಹೊರಟು ಬಂತು. ಇವು ನೂರಾರು. ಮೊದಲು ಬಂದವು ಕಾಗದದ ಅಂಚಿಗೆ ಸರಿದು, ಆಮೇಲೆ ಕಾಣದಾದವು. ಬೆಲ್ಲವು ಮೊದಲು ಕಂಡವರಿಗೆ ದಕ್ಕಲಿಲ್ಲ, ಹೆಚ್ಚು ಬಂಧುಗಳನ್ನು ಕರೆತಂದವರಿಗೆ ದಕ್ಕಿತು. ನಮ್ಮ ಊರ ಚುನಾವಣೆ ನೆನಪಾಯಿತೆಂದರೆ ಅಧ್ಯಾಪಕರು ಕ್ಷಮಿಸಬೇಕು.

ಹಾಗಾದರೆ ಬಲಾಢ್ಯ ಜಾತಿಯೊಂದೇ ಕಾಡನ್ನೆಲ್ಲ ಆಕ್ರಮಿಸುವುದಿಲ್ಲವೇಕೆ? ಈ ಪ್ರಶ್ನೆಯೇ ವಿದ್ವಾಂಸರನ್ನು ಬಹುಕಾಲ ಕಾಡಿದ್ದು. ಉತ್ತರ ಒಂದೇ ಅಲ್ಲ. ಬೇಗ ಹುಡುಕುವವು ಬಲಿಷ್ಠರು ಬರುವ ಮುನ್ನವೇ ಕೈಗೆ ಸಿಕ್ಕಷ್ಟನ್ನು ಒಯ್ಯುತ್ತವೆ. ಸುಡುವ ನಡುಹಗಲಿನಲ್ಲಿ ಉಳಿದವು ಬಿಲ ಸೇರಿದಾಗ, ಉದ್ದ ಕಾಲಿನ ಕೆಲವು ಬಿಸಿನೆಲದ ಮೇಲೆ ಓಡಾಡಿ ಬಿಸಿಲಿಗೆ ಸತ್ತ ಹುಳಗಳನ್ನು ಆಯುತ್ತವೆ. ಕೆಲವಕ್ಕೆ ಗೆದ್ದಲೇ ಬೇಟೆ. ಅವು ಸಾಲುಗಟ್ಟಿ ದಂಡು ಹೋಗುತ್ತವೆ. ಗೊದ್ದಗಳು ಗಿಡದ ಮೇಲಿನ ಹೇನುಗಳನ್ನು ಕಾಯ್ದು ಅವುಗಳ ಸಿಹಿದ್ರವವನ್ನು ಹೀರುತ್ತವೆ. ವಸತಿಯೂ ಬೇರೆ ಬೇರೆ: ಒಂದಕ್ಕೆ ಮಣ್ಣಿನ ಆಳ, ಒಂದಕ್ಕೆ ಕೊಳೆತ ಕೊಂಬೆ, ಮತ್ತೊಂದಕ್ಕೆ ಮಡಿಚಿದ ಒಂದು ಒಣ ಎಲೆಯೇ ಸಾಕು.

ಬೀಜ ಕೂಡಿಡುವ ಇರುವೆಗಳ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಇವುಗಳ ಬಿಲದ ಬಾಯಿಯ ಸುತ್ತ ಹೊಟ್ಟಿನ ಬಳೆ ಇರುತ್ತದೆ. ಒಳಗೆ ಕಣಜದಂತಹ ಕೋಣೆಗಳು. ದೊಡ್ಡ ತಲೆಯವು ಕಾಳನ್ನು ಒಡೆಯುತ್ತವೆ. ಇಂಗ್ಲಿಷ್ ಸೈನ್ಯಾಧಿಕಾರಿ ಸೈಕ್ಸ್ ಎಂಬವರು ಪುಣೆಯಲ್ಲಿದ್ದಾಗ, ಮಳೆಗೆ ನೆನೆದ ಹುಲ್ಲಿನ ಬೀಜಗಳನ್ನು ಇರುವೆಗಳು ಹೊರತಂದು ಬಿಸಿಲಿಗೆ ಹರವುವುದನ್ನು ಕಂಡರು. ಅವರ ಬರಹ 1835ರ ಹೊತ್ತಿಗೆ ಲಂಡನ್ನಿನಲ್ಲಿ ಬೆಳಕಿಗೆ ಬಂತು. ಯುರೋಪಿನ ಪಂಡಿತರು ಅಂದು ಇರುವೆಗಳು ಧಾನ್ಯ ಕೂಡಿಡುವುದನ್ನು ಕಟ್ಟುಕಥೆಯೆಂದೇ ಬಗೆಯುತ್ತಿದ್ದರಂತೆ.

ಆಡಕಿಯ ನಮ್ಮ ಆಯಿಗೆ, ಎಂದರೆ ತಂದೆಯ ತಾಯಿಗೆ, ಇದನ್ನು ಓದಿ ಹೇಳಿದೆ. ಆಕೆ ಅಕ್ಷರ ಕಂಡವಳಲ್ಲ. ಬೆರಗಾಗಲೂ ಇಲ್ಲ. 1972ರ ಬರಗಾಲದಲ್ಲಿ ಆಕೆ ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಮನೆಯಲ್ಲಿ ಜೋಳ ತೀರಿದಾಗ ಅತ್ತೆಯೊಡನೆ ಬೀಡುಭೂಮಿಗೆ ಹೋಗಿ, ಹೊಟ್ಟಿನ ಗುರುತು ಹಿಡಿದು ಇರುವೆಯ ಬಿಲ ತೋಡುತ್ತಿದ್ದರಂತೆ. ಒಂದು ಬಿಲಕ್ಕೆ ಒಂದೆರಡು ಹಿಡಿ ಕಾಳು. ಅದನ್ನು ಕೇರಿ, ತೊಳೆದು, ಕುಟ್ಟಿ ಅಂಬಲಿ ಕಾಸುತ್ತಿದ್ದರು. "ನಮ್ಮತ್ತಿ ಅನ್ನಾಕಿ, ಎಲ್ಲಾ ತೋಡಬ್ಯಾಡವ್ವಾ, ಅವಕ್ಕೂ ಮಕ್ಕಳವ ಅಂತ. ಅರ್ಧ ಬಿಟ್ಟು ಮಣ್ಣು ಮುಚ್ಚಿ ಬರ್ತಿದ್ವಿ, ತಮ್ಮಾ" ಎಂದಳು. ಆ ವರ್ಷ ನಮ್ಮ ತಂದೆ ಇನ್ನೂ ಹುಟ್ಟಿರಲಿಲ್ಲ. ನಾನು ಪುಸ್ತಕ ಮುಚ್ಚಿದೆ.

ಮಾರ್ಚಿಯಲ್ಲಿ ಮತ್ತೆ ಅದೇ ಜಾಗಕ್ಕೆ ಹೋದೆ. ಒಂದು ಪಕ್ಕದ ನೆಲವು ಸುಟ್ಟು ಕರ್ರಗಾಗಿತ್ತು. ಹೊಸ ಹುಲ್ಲು ಚೆನ್ನಾಗಿ ಬರಲೆಂದೋ, ಬೀಡಿಯ ಕಿಡಿಯಿಂದಲೋ, ಒಣಕಾಡಿನ ತರಗೆಲೆಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದುಂಟು. ಮರಗಳು ನಿಂತೇ ಇದ್ದುದರಿಂದ ದೂರದಿಂದ ನೋಡುವವರಿಗೆ ನಷ್ಟವೇನೂ ಕಾಣದು. ಸುಟ್ಟ ನೆಲದಲ್ಲಿ ಕಾಗದವಿಟ್ಟು ಕುಳಿತೆ. ದೊಡ್ಡ ತಲೆಯವು ಅರ್ಧ ತಾಸಿನಲ್ಲಿ ಬಂದವು. ಮಣ್ಣಿನ ಆಳದಲ್ಲಿ ಇರುವವಕ್ಕೆ ಮೇಲಿನ ಬೆಂಕಿ ಅಷ್ಟಾಗಿ ತಾಗುವುದಿಲ್ಲ. ಗೊದ್ದಗಳೂ ಎರಡು ಮೂರು ಬಂದವು. ಡಿಸೆಂಬರಿನಲ್ಲಿ ಎಲ್ಲರಿಗಿಂತ ಮೊದಲು ಬಂದಿದ್ದ ಆ ಕಿರಿಯ ಚುರುಕಿನ ಇರುವೆ ಮಾತ್ರ ಸಂಜೆಯವರೆಗೂ ಬರಲಿಲ್ಲ. ಪಕ್ಕದಲ್ಲಿಯೇ, ಕಾಲುದಾರಿಯ ಆಚೆ, ಬೆಂಕಿ ಹಾಯದ ತರಗೆಲೆಯಲ್ಲಿ ಅದು ಇತ್ತು. ಎಲೆಯೇ ಮನೆಯಾದವರಿಗೆ ಎಲೆ ಸುಟ್ಟರೆ ಮನೆಯೇ ಸುಟ್ಟಂತೆ ತಾನೆ?

ಕಾಲುದಾರಿಯ ಅಗಲ ನನ್ನ ನಾಲ್ಕು ಹೆಜ್ಜೆ. ಮಳೆಗಾಲ ಕಳೆದು ಹೊಸ ಎಲೆ ಉದುರಿದ ಮೇಲೆ ಅದು ಈಚೆಗೆ ದಾಟಿ ಬಂದಿದೆಯೇ ಎಂದು ನೋಡಬೇಕಾಗಿದೆ. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದು ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಎರಡನೆಯ ವರ್ಷದ ಗೆಳೆಯರಲ್ಲಿ ಯಾರಾದರೂ ಹೋಗುವುದಾದರೆ ಜಾಗದ ಗುರುತು ಹೇಳಿಕೊಡುತ್ತೇನೆ. ಬೆಲ್ಲವನ್ನು ಮೇಕೆಗಳಿಂದ ಕಾಯ್ದುಕೊಳ್ಳಬೇಕು.